ಅಪ್ಪನ ಪಕ್ಕದ ಎಲೆ

ಅಮೆರಿಕದ ಲಾ ಹೋಯಾದಲ್ಲಿ ಪಿಎಚ್‌ಡಿ ಮಾಡುವಾಗ ಕಡಲೊಳಗಿನ ಮೀನು, ಹಡಗುಗಳ ಸದ್ದು ಕೇಳುವುದೇ ನನ್ನ ಕೆಲಸ. ಮೈಸೂರಿನ ಪುಳಿಯೋಗರೆ ಮನೆಯವಳಿಗೆ ಮೀನಿನ ಉಸಾಬರಿ ಯಾಕೆ ಎಂದು ಎಲ್ಲರೂ ನಗುವವರೇ; ನನಗೋ ಮೈಯೆಲ್ಲ ಉರಿಯುತ್ತಿತ್ತು. ನಗದೆ ಕೇಳಿದವರು ಹತ್ತಿರದ ರಾಂಚೊ ಬರ್ನಾರ್ಡೊದಲ್ಲಿದ್ದ ಆಂಟಿ ಒಬ್ಬರೇ. ಉಡುಪಿ ಕಡೆಯವರು, ರಿಟೈರಾದ ಡಾಕ್ಟರು.

ಅವರ ಅಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಟ್ರಾಲರಿನಲ್ಲಿದ್ದರಂತೆ. ಮೀನು ಹಿಡಿಯುವ ಹಡಗಿನದೇ ರೂಪ; ಹೊತ್ತದ್ದು ಮಾತ್ರ ಬಲೆಯಲ್ಲ, ಬಾಂಬು. ನೀರೊಳಗೆ ಬಿಟ್ಟ ಸದ್ದು ಎಲ್ಲಿ ಬಡಿದು ಮರಳುತ್ತದೆಂದು ಕೇಳಿ, ಶತ್ರುವಿನ ಜಲಾಂತರ್ಗಾಮಿಯ ಜಾಗ ಹೇಳುವುದು ಅಪ್ಪನ ಕೆಲಸ. ಒಮ್ಮೆ ಅವರು ಹೇಳಿದಲ್ಲಿ ಬಾಂಬು ಬಿತ್ತು. ತೇಲಿದ್ದು ರಾಶಿ ರಾಶಿ ಸತ್ತ ಮೀನು. ಉಳಿದವರು ಬುಟ್ಟಿಯಲ್ಲಿ ಬಾಚಿ ಹುರಿದು ತಿಂದರು. ಅಪ್ಪ ಮುಟ್ಟಲಿಲ್ಲ, ಸಾಯುವ ತನಕ ಮತ್ತೆ ಮೀನು ತಿನ್ನಲಿಲ್ಲ. ಕೇಳಿದರೆ, “ಅಲ್ಲಿದ್ದದ್ದು ಮೀನಿನ ಹಿಂಡು, ಅಷ್ಟೆ” ಎನ್ನುತ್ತಿದ್ದರು. ಆದರೆ ಒಬ್ಬರೇ ಕೂತಾಗ ಆ ಮರಳಿದ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದರಂತೆ.

ಆಂಟಿಯ ಮನೆತನದಲ್ಲಿ ಅಮಾವಾಸ್ಯೆಗೆ ತೀರಿಕೊಂಡವರಿಗೆ ಇಷ್ಟದ ಅಡುಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಅಪ್ಪನಿಗೆ ಚಿಕ್ಕಂದಿನಲ್ಲಿ ಬಂಗುಡೆ ಮೀನೆಂದರೆ ಪ್ರಾಣ.

“ಅದು ಬರೀ ಮೀನಾಗಿದ್ರೆ ಈ ಸಲ ಬಂಗುಡೆ ಬಡಿಸ್ತೇನೆ. ಕೆಳಗೆ ಜನ ಇದ್ದಿದ್ರೆ ಹೇಗೆ ಬಡಿಸುದು? ನನಗೆ ಗೊತ್ತಾಗ್ಬೇಕು ಮಾರಾಯ್ತಿ.”

ಲ್ಯಾಬಿನಲ್ಲಿ ಹೆಡ್‌ಫೋನ್ ಕೊಟ್ಟೆ. ಮೊದಲು ಮೀನಿನ ಹಿಂಡಿನಿಂದ ಮರಳಿದ ಸದ್ದು, ಮಂಕಾಗಿ ಹರಡಿಕೊಳ್ಳುವಂಥದ್ದು. “ಇದಲ್ಲ” ಎಂದರು. ಎರಡನೆಯದು ಪಾತ್ರೆಯ ಅಂಚಿಗೆ ಚಮಚ ತಗುಲಿದ ಹಾಗಿತ್ತು. ಆಂಟಿಯ ತುಟಿ ತಾನಾಗಿ ಅಲುಗಿ, ಅಪ್ಪ ಮಾಡುತ್ತಿದ್ದ ಅದೇ ಸದ್ದು ಹೊರಡಿಸಿತು. ಸತ್ತವರ ಬಾಯಿಂದ ಕೇಳಿದಂತಾಯಿತು.

“ಇದೂ ಮೀನೇ ಅಲ್ವಾ?”

ಅಯ್ಯೋ ದೇವರೇ, ಹೌದು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು.

“ಅಲ್ಲ ಆಂಟಿ. ಇದು ಕಬ್ಬಿಣ.”

ಆಂಟಿ ಹೆಡ್‌ಫೋನ್ ಮೆಲ್ಲಗೆ ತೆಗೆದಿಟ್ಟು, ಕಾರು ಹತ್ತಿ ಹೊರಟುಹೋದರು. ಹಾಳು ಬಾಯಿ ನನ್ನದು ಎಂದು ದಿನವೂ ಬೈದುಕೊಂಡೆ.

ಅಮಾವಾಸ್ಯೆಗೆ ಅವರೇ ಕರೆದರು. ಎರಡು ಎಲೆ ಹಾಕಿದ್ದರು. ಅಪ್ಪನದರಲ್ಲಿ ಅನ್ನ, ಕೋಳಿ ಸಾರು. ಪಕ್ಕದ ಎಲೆಯಲ್ಲಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ.

“ಕೆಳಗಿದ್ದವರು ಎಂತ ತಿಂತಿದ್ರೋ ನಂಗೆ ಗೊತ್ತಿಲ್ಲ” ಎಂದರು. ಎಷ್ಟು ಜನವೋ, ಯಾರ ಮಕ್ಕಳೋ, ಅದೂ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿ ಹೊರಗೆ ನಿಂತೆವು. ನಾನು ಬಾಗಿಲಿಗೆ ಕಿವಿಗೊಟ್ಟೆ, ಕೆಲಸದ ಚಾಳಿ. ಒಳಗೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು.

ಆಂಟಿ ನನ್ನ ಕೈ ಹಿಡಿದು ಈಚೆ ಎಳೆದರು.

“ಕೇಳ್ಬೇಡ. ತಿನ್ನಲಿ.”