ಇಬ್ಬರಿಗಾಗುವಷ್ಟು ಸುಕ್ಕು

ಲಿಂಗಸುಗೂರಿನಿಂದ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ ಮಸ್ಕಿ ಬರುವ ಹೊತ್ತಿಗೆ ಸರಿಯಾಗಿ ಜೊಂಪು ಹತ್ತುತ್ತದೆ. ಕಿಟಕಿಗೆ ತಲೆ ಆನಿಸಿ ಅರ್ಧ ಕಣ್ಣು ತೆರೆದರೆ ಬೋಳು ಗುಡ್ಡದ ಬಂಡೆಗಳು ಬಿಸಿಲಲ್ಲಿ ತೇಲುತ್ತ ಹಿಂದಕ್ಕೆ ಹೋಗುತ್ತಿರುತ್ತವೆ. ಅದರಲ್ಲಿ ಯಾವ ಬಿರುಕು ಯಾವ ಹಣೆಗೆ ಒಪ್ಪೀತು, ಮಳೆನೀರು ಇಳಿದು ಕಪ್ಪಾದ ಯಾವ ಗೆರೆ ಯಾವ ಗಲ್ಲದ ಮೇಲೆ ಕೂತೀತು ಎಂದು ನಾನು ನಿದ್ದೆಗಣ್ಣಿನಲ್ಲೇ ಆರಿಸುತ್ತಿರುತ್ತೇನೆ. ಒಳ್ಳೆಯ ಬಿರುಕು ಕಂಡರೆ ಮೊಬೈಲ್ ಎತ್ತಿ ಫೋಟೋ ಹೊಡೆಯುತ್ತೇನೆ. ಕಂಡಕ್ಟರಿಗೆ ಇದು ಬಿಡಿಸಲಾರದ ಒಗಟು. "ಏನ್ರಿ ಮೇಡಂ, ದಿನಾ ಅದಾ ಗುಡ್ಡದ ಫೋಟೋ ಹೊಡೀತೀರಿ! ಅದೇನು ಎದ್ದು ಓಡಿ ಹೊಂಟೈತೇನ್ರಿ?" ಎಂದು ಒಮ್ಮೆ ಕೇಳಿದ. ಓಡಿ ಹೋಗುತ್ತಿರುವುದು ಬಸ್ಸು, ಅದಕ್ಕೇ ಅವಸರ ಎಂದೆ.

ನನ್ನ ಕೆಲಸ ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ಮುಂದೆ. ಲಗ್ನದ ಆಲ್ಬಂ, ಹುಟ್ಟುಹಬ್ಬದ ಫ್ಲೆಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೋ ಇವೆಲ್ಲ ಹೊಟ್ಟೆಪಾಡು. ಮನಸ್ಸಿಗೆ ಹಿಡಿಸಿದ ಕೆಲಸ ಬೇರೆ: ಮಾಸಿ ಹೋದ ಹಳೆಯ ಫೋಟೋಗಳನ್ನು ಮತ್ತೆ ಕೂಡಿಸುವುದು. ಅದರಲ್ಲಿ ಬಣ್ಣ ಹಚ್ಚುವುದು ಏನೇನೂ ಕಷ್ಟವಲ್ಲ. ಅರಿವೆ ಅರಿವೆಯ ಹಾಗೆ, ಸುಣ್ಣದ ಗೋಡೆ ಸುಣ್ಣದ ಗೋಡೆಯ ಹಾಗೆ, ಚರ್ಮ ಚರ್ಮದ ಹಾಗೆ ಕಾಣಿಸುವುದು ಕಷ್ಟ. ಇದಕ್ಕೆ ನಮ್ಮ ಕಸುಬಿನಲ್ಲಿ ಟೆಕ್ಸ್‌ಚರ್ ಎನ್ನುತ್ತಾರೆ. ನೋಡಿದರೆ ಸಾಕು, ಬೆರಳಿನ ತುದಿಗೆ ತಿಳಿದುಬಿಡಬೇಕು.

ಆದ್ದರಿಂದ ನಾನು ಕಂಡಕಂಡದ್ದನ್ನೆಲ್ಲ ಕೂಡಿಟ್ಟಿದ್ದೇನೆ. ಕಾಲುವೆ ನೀರು ನಿಂತ ಮೇಲೆ ಜವಳಗೇರಾದ ಹತ್ತಿರ ಒಡೆದ ಕೆಸರು, ಸಾಲಗುಂದದ ಭತ್ತದ ಹುಲ್ಲು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮನೆಯೊಂದರ ಬಿದಿರು ತಟ್ಟಿ, ಟ್ರ್ಯಾಕ್ಟರ್ ಟ್ರೇಲಿಯ ತುಕ್ಕು. ಇವುಗಳಲ್ಲಿ ಒಂದನ್ನು ಮುಖದ ಚಿತ್ರದ ಮೇಲೆ ಪದರವಾಗಿ ಹಾಸಿ ತೆಳ್ಳಗೆ ಮಾಡುತ್ತ, ಮಾಡುತ್ತ ಹೋದರೆ ಒಂದು ಗಳಿಗೆಯಲ್ಲಿ ಕೆಸರು ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ. ಆಮೇಲೆ ಬೆಳಕು ಬೀಳುವ ಕಡೆ ಒಂದಿಷ್ಟು ತಿಳಿ, ಇನ್ನೊಂದು ಕಡೆ ಒಂದಿಷ್ಟು ಕಪ್ಪು. ಇಷ್ಟೆಲ್ಲ ಕಲಿತವಳ ಮುಂದೆ ಬಂದು ಕೂತವರು ಕೇಳುವುದು ಮಾತ್ರ ಒಂದೇ: "ಜರಾ ಬೆಳ್ಳಗ ಮಾಡ್ರಿ, ಮಾರಿ ನುಣ್ಣಗ ಮಾಡ್ರಿ." ನುಣ್ಣಗೆ ಮಾಡಿ ಮಾಡಿ ಈ ತಾಲೂಕಿನ ಮದುಮಕ್ಕಳನ್ನೆಲ್ಲ ಒಂದೇ ಅಚ್ಚಿನ ಗೊಂಬೆ ಮಾಡಿದ ಪಾಪ ನನ್ನದೇ. ಹೊಟ್ಟೆ ಉರಿಯುತ್ತಿತ್ತು, ಮಾಡುತ್ತಿದ್ದೆ.

ಆ ಅಜ್ಜಿ ಬಂದದ್ದು ಅಂಥ ಒಂದು ಮಧ್ಯಾಹ್ನ. ಸಾಲಗುಂದದ ಕಡೆಯವಳು. ಹಣೆ ತುಂಬ ವಿಭೂತಿ, ಮುಖದ ಮೇಲೆ ಎಲ್ಲೂ ಜಾಗ ಬಿಡದ ಸುಕ್ಕು. ಜೊತೆಗೆ ತಲೆ ನರೆತ ಮಗ. ಮಗ ಸಿಂಧನೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದ, ಮುಂದಿನ ತಿಂಗಳು ಗೃಹಪ್ರವೇಶ. ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ಹಿರಿಯರ ಜೋಡಿ ಫೋಟೋ ಹಾಕುವುದು ನಮ್ಮ ಕಡೆ ರೂಢಿ, ಅದು ಬೇಕಾಗಿತ್ತು. ಅಜ್ಜಿ ಕುಪ್ಪಸದ ಒಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಟ್ಟ ಕಪ್ಪುಬಿಳುಪು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಗುಂಗುರು ಕೂದಲು, ಆಗಷ್ಟೇ ದಪ್ಪವಾಗುತ್ತಿದ್ದ ಮೀಸೆ, ನಗು ತಡೆದುಕೊಂಡ ಬಾಯಿ.

"ಮೊಮ್ಮಗನೇನಜ್ಜೀ? ಚಂದ ಅದಾನ," ಎಂದೆ.

ಮಗ ಬೇರೆ ಕಡೆ ನೋಡಿದ. ಅಜ್ಜಿ ಮಾತ್ರ ನನ್ನನ್ನೇ ನೋಡಿದಳು. "ನೀನೂ ಅಂದ್ಯಲ್ಲವ್ವ! ಇವ್ರು ನಮ್ಮ ಮನಿಯವ್ರು."

ಟ್ರ್ಯಾಕ್ಟರ್ ಹೊಡೆಯುವ ಲೈಸೆನ್ಸಿಗೆಂದು ತೆಗೆಸಿದ ಫೋಟೋ ಅದು. ಅದಾದ ಮೇಲೆ ಸ್ವಲ್ಪದರಲ್ಲೇ ಜ್ವರ ಬಂತು, ಹೋದರು. ಮಗ ಆಗ ತೊಟ್ಟಿಲಲ್ಲಿದ್ದ. ಅವಳ ಸಂಸಾರದ ಕಥೆ ಅಷ್ಟರಲ್ಲೇ ಮುಗಿದಿತ್ತು, ಆಮೇಲಿನದೆಲ್ಲ ದುಡಿಮೆ.

"ಮನಿಗೆ ಬಂದಾರೆಲ್ಲ ಹಂಗಾ ಕೇಳ್ತಾರ. ಸತ್ತ ಮಗನೇನಬೇ, ಮೊಮ್ಮಗನೇನಬೇ ಅಂತಾರ. ಗಂಡನ್ನ ಮಗ ಅನಿಸ್ಕೊಂಡು ನಾ ಎಷ್ಟಂತ ಸುಮ್ಮಕಿರ್ಲಿ? ಇವರ್ನ ಮುದುಕರ್ನ ಮಾಡಿ ಕೊಡು ಯವ್ವ. ನನ್ನ ಜೋಡಿ ಕುಂತ್ರ ಜೋಡಿ ಅನಿಸ್ಬೇಕು. ಹೊಸಾ ಮನ್ಯಾಗರ ಯಾರೂ ಹಂಗ ಕೇಳಬಾರ್ದು."

ಇಷ್ಟು ವರ್ಷಗಳಲ್ಲಿ ಸುಕ್ಕು ಹಾಕಿ ಕೊಡು ಎಂದು ಕೇಳಿದ ಮೊದಲನೆಯ ಗಿರಾಕಿ! ನನಗಂತೂ ಸ್ವರ್ಗ ಮೂರೇ ಗೇಣು. ಆಗಲಿ ಅಜ್ಜೀ, ನೋಡುತ್ತಿರು ಎಂದು ಜಂಬದಿಂದಲೇ ಒಪ್ಪಿಕೊಂಡೆ. ಮಗನನ್ನು ಕೂಡಿಸಿ ನಾಲ್ಕಾರು ಕಡೆಯಿಂದ ಫೋಟೋ ಹೊಡೆದುಕೊಂಡೆ. ವಯಸ್ಸಾದ ಮೇಲೆ ಗಲ್ಲ ಎಲ್ಲಿ ಇಳಿಯುತ್ತದೆ, ಕಣ್ಣಿನ ಕೆಳಗೆ ಎಲ್ಲಿ ಚೀಲ ಕಟ್ಟುತ್ತದೆ ಎಂಬುದಕ್ಕೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಬೇರೆ ಆಧಾರ ಬೇಕೆ?

ಆಮೇಲಿನ ದಿನಗಳು ನನಗೆ ಕನಸಿನ ಹಾಗೆ ನೆನಪಿವೆ. ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ಗಾಜಿನ ಬಾಗಿಲಿಗೆ ಪರದೆ ಎಳೆದು ಆ ಹಳೆಯ ಫೋಟೋದವನನ್ನು ತೆರೆದುಕೊಂಡು ಕೂರುತ್ತಿದ್ದೆ. ಕೂದಲಿನ ಒಂದೊಂದು ಗುಂಗುರಿಗೂ ಬಿಳುಪು ಇಳಿಸಿದೆ. ಮಸ್ಕಿಯ ಬಂಡೆಯನ್ನು ಹಣೆಯ ಮೇಲೆ ಹಾಸಿ ತೆಳ್ಳಗೆ ಮಾಡಿದೆ, ಕಾಲುವೆಯ ಕೆಸರನ್ನು ಕತ್ತಿಗೆ ಸುತ್ತಿದೆ. ಸಂಜೆ ಬಸ್ಸಿನಲ್ಲಿ ಜೊಂಪು ಹತ್ತಿದರೆ ಬಂಡೆಯೊಳಗಿನಿಂದ ಅವನ ಮುಖ ಅರ್ಧ ಹೊರಬಂದು ನಿಂತಿರುತ್ತಿತ್ತು, ಇನ್ನರ್ಧ ಕಲ್ಲಿನಲ್ಲೇ. ಯಾರದೋ ಗಂಡ, ನಾನು ಹುಟ್ಟುವ ಮೊದಲೇ ಹೋದವನು. ಅವನಿಗೆ ನಾನು ದಿನಕ್ಕಿಷ್ಟು ವಯಸ್ಸು ಕೂಡಿಸುತ್ತ ಮನೆಗೆ ಹೋಗುತ್ತಿದ್ದೆ. ಅಡಿಗೆ ಮಾಡುವಾಗಲೂ ಇವನ ಕಿವಿ ಇನ್ನೊಂದಿಷ್ಟು ದೊಡ್ಡದಾಗಬೇಕಿತ್ತಲ್ಲ, ವಯಸ್ಸಾದರೆ ಕಿವಿ ಜೋಲುತ್ತದಲ್ಲ ಎಂದು ಯೋಚಿಸಿ ಸಾರು ಸೀಯಿಸಿದ್ದುಂಟು.

ಮುಗಿದಾಗ ನನಗೇ ಮೈ ಜುಮ್ಮೆಂದಿತು. ಚರ್ಮದ ರಂಧ್ರ, ಮಚ್ಚೆ, ಬಿಸಿಲಿಗೆ ಸುಟ್ಟ ಮೂಗಿನ ತುದಿ, ಯಾವುದರಲ್ಲೂ ಕೊರತೆ ಇರಲಿಲ್ಲ. ಫೋನ್ ಮಾಡಿ ಅಜ್ಜಿಯನ್ನು ಕರೆಸಿದೆ. ಅವಳು ಮಗನ ಜೊತೆ ಬಂದು ಕುರ್ಚಿಯಲ್ಲಿ ಕೂತಳು. ನಾನು ಸ್ಕ್ರೀನನ್ನು ಅವಳ ಕಡೆ ತಿರುಗಿಸಿದೆ.

ಅಜ್ಜಿ ದಡಕ್ಕನೆ ಎದ್ದು ನಿಂತಳು. ಸೆರಗು ತಲೆಯ ಮೇಲೆಳೆದುಕೊಂಡು ಮುಖ ಗೋಡೆಯ ಕಡೆ ಮಾಡಿದಳು.

"ಯಾಕಜ್ಜೀ, ಏನಾತು?"

"ಅಯ್ಯ, ಇವ್ರು ನಮ್ಮ ಮಾವಾರು!"

ಮಗ ಮೆಲ್ಲಗೆ ಬಾಯಿ ಬಿಟ್ಟ: "ನಾ ನಮ್ಮ ಮುತ್ಯಾನಂಗ ಅದೀನಿ ಅಂತ ಎಲ್ಲಾರೂ ಅಂತಾರ್ರಿ. ಅವ್ರು ಭಾಳ ಸಿಟ್ಟಿನವ್ರಂತ."

ಇದನ್ನು ಮೊದಲೇ ಹೇಳಬಾರದಾಗಿತ್ತೇ, ಪುಣ್ಯಾತ್ಮ! ಅಜ್ಜ ಮೊಮ್ಮಗನಲ್ಲಿ ಇಳಿದಿದ್ದ, ಮೊಮ್ಮಗನಿಂದ ನಾನು ಅವನನ್ನೇ ಎತ್ತಿ ಸೊಸೆಯ ಪಕ್ಕ ತಂದು ಕೂರಿಸಿದ್ದೆ. ನನಗೆ ಸಿಟ್ಟು ಬಂತು, ನಗೂ ಬಂತು. ಅಜ್ಜಿಗೆ ನಗು ಬರುವ ಹಾಗಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಮಾವಾರ ಮುಂದ ನಾ ಒಂದಿನಾ ಕುಂತಾಕಿ ಅಲ್ಲವ್ವ. ಮಾರಿ ತೋರ್ಸಿದಾಕಿ ಅಲ್ಲ. ಇವರ ಬಾಜೂಕ ಫೋಟೋದಾಗ ಹೆಂಗ ಕುಂದ್ರಲಿ?"

ನಾನು ಸ್ಕ್ರೀನ್ ಆರಿಸಿದೆ. ಅವಳು ಕೂತಳು. ಸೋತು ಹೋದವಳ ಹಾಗೆ ಕಾಣುತ್ತಿದ್ದಳು, ನೋಡಿ ನನಗೆ ನಿಜವಾಗಿ ಕೆಟ್ಟೆನಿಸಿತು. ಮಗ, "ಇರ್ಲಿ ಬಿಡಬೇ, ಇದ್ದ ಫೋಟೋನ ಹಾಕಿದ್ರಾತು" ಎಂದ. ಬೇಡ, ಮತ್ತೊಮ್ಮೆ ಮಾಡುತ್ತೇನೆ, ಅಜ್ಜಿ ಬಂದು ನನ್ನ ಹತ್ತಿರ ಕೂತು ಹೇಳಬೇಕು ಎಂದೆ.

ಹಾಗೆ ಅವಳು ಬರತೊಡಗಿದಳು. ಮಗ ಗಾಡಿಯಲ್ಲಿ ಬಿಟ್ಟು ಹೋಗುತ್ತಿದ್ದ. ಹಳೆಯ ಫೋಟೋವನ್ನು ಸ್ಕ್ರೀನಿನ ತುಂಬ ದೊಡ್ಡದು ಮಾಡಿಟ್ಟು ನಾನು ಕೇಳುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು.

"ಸಿಟ್ಟು ಬರ್ತಿತ್ತೇನು?"

"ಅವ್ರಿಗೆಲ್ಲಿ ಸಿಟ್ಟು! ಹಾಲು ಉಕ್ಕಿ ಹೋದ್ರೂ ನಗೋರು. ನಕ್ರ ಕಣ್ಣು ಮುಚ್ಚೇ ಹೋಗ್ತಿದ್ವು."

ಹುಬ್ಬಿನ ನಡುವಿನ ಗೆರೆ ಅಳಿಸಿದೆ.

"ಬೀಡಿ ಸೇದ್ತಿದ್ರಾ?"

"ಸೇದ್ತಿದ್ರು. ಇದ್ದಿದ್ರ ನಾ ಬಿಡಸ್ತಿದ್ದೆ. ತುಟಿ ಕಪ್ಪ ಮಾಡಬ್ಯಾಡ."

"ದಪ್ಪ?"

"ಜರಾ ಆಗ್ತಿದ್ರು. ಕಾಲುವಿ ನೀರು ಬಂತಲ್ಲ, ಭತ್ತಾ ಬೆಳದ್ವಲ್ಲ. ನಾ ಉಣಿಸ್ತಿದ್ದೆ. ಗಲ್ಲ ತುಂಬಿರ್ಲಿ."

ಹೀಗೆ ನಡೆಯದೇ ಉಳಿದಿದ್ದ ಅವರಿಬ್ಬರ ಸಂಸಾರ ನನ್ನ ಮುಂದೆ ನಡೆಯಿತು. ಅವನು ಟ್ರ್ಯಾಕ್ಟರ್ ಕಲಿತ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಗದ್ದೆ ಉತ್ತ. ಮಗನ ಲಗ್ನದಲ್ಲಿ ತಲೆಗೆ ಪಟಕಾ ಸುತ್ತಿದ. ಅವಳ ಮಾತು ಕೇಳದೆ ಯಾವುದೋ ಮುದಿ ಎತ್ತು ತಂದು ಕಟ್ಟಿದ. ಆಗ ಅವಳು ಒಂದು ದಿನ ಮಾತು ಬಿಟ್ಟಳು. "ಅದಕ್ಕೊಂದು ಸಣ್ಣ ಗೆರಿ ಹಾಕು. ಜಗಳಿಲ್ಲದ್ದು ಎಂಥಾ ಸಂಸಾರ?" ಎಂದಳು. ಹಾಕಿದೆ. ಕರೆಂಟ್ ಹೋದರೆ ಕತ್ತಲ ಸ್ಕ್ರೀನಿನ ಮುಂದೆಯೇ ಕೂತು ಇಬ್ಬರೂ ಅವನ ವಿಚಾರ ಮಾತಾಡುತ್ತಿದ್ದೆವು. ಒಮ್ಮೊಮ್ಮೆ ಅವನು ಹೊರಗೆ ಚಹಾ ಕುಡಿಯಲು ಹೋಗಿದ್ದಾನೆ, ಬರುತ್ತಾನೆ ಎಂದೇ ನನಗೂ ಅನಿಸುತ್ತಿತ್ತು.

ಆದರೆ ನಗುವಿನ ಸುಕ್ಕು ನನ್ನ ಕೈಗೆ ಸಿಗಲಿಲ್ಲ. ಬಂಡೆ ಹಾಸಿದರೆ ಕಣ್ಣಿನ ಅಂಚು ಗಡುಸಾಯಿತು. ಕೆಸರು ಹಾಸಿದರೆ ರೋಗಿಯ ಹಾಗೆ ಕಂಡ. ಕೂಡಿಟ್ಟದ್ದನ್ನೆಲ್ಲ ಹುಡುಕಿದೆ. ಎಲ್ಲವೂ ಒಣಗಿ ಒಡೆದದ್ದೇ, ನಕ್ಕು ಮಡಿಸಿದ್ದು ಯಾವುದೂ ಇರಲಿಲ್ಲ. ಗೃಹಪ್ರವೇಶ ಹತ್ತಿರ ಬಂದಿತ್ತು. ನಾನು ಮೌಸ್ ಬಿಟ್ಟು ಹಣೆ ಹಿಡಿದುಕೊಂಡೆ.

"ಏನು ಸಿಗವಲ್ದು?" ಎಂದಳು ಅಜ್ಜಿ.

"ಸುಕ್ಕು ಸಿಗವಲ್ದಜ್ಜೀ."

ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಸೆರಗು ಹಿಂದಕ್ಕೆ ಸರಿಸಿ ಮುಖ ಮುಂದೆ ಚಾಚಿದಳು. "ನನ್ನೂವು ತಗೋ. ಇಬ್ರಿಗಾಗುವಷ್ಟು ಅದಾವ."

ಹಳೆಯ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿತ್ತು. ಅಜ್ಜಿಯನ್ನು ಬಾಗಿಲ ಹತ್ತಿರ ಹಾಗೇ ಬೆಳಕು ಬೀಳುವಂತೆ ಕೂರಿಸಿ ಕ್ಯಾಮೆರಾ ಹಿಡಿದೆ. ನಗು ಅಜ್ಜೀ ಎಂದರೆ ನಾಚಿಕೊಂಡಳು. ಹಾಲು ಉಕ್ಕಿದ ದಿನ ಅವರು ಏನಂದಿದ್ದರು ಎಂದು ಕೇಳಿದೆ. ಅದನ್ನು ಅವಳು ನನಗೆ ಹೇಳಲಿಲ್ಲ, ಒಳಗೊಳಗೇ ನೆನೆದು ನಕ್ಕಳು. ಕಣ್ಣಿನ ಅಂಚಿನಿಂದ ಕಪಾಲದವರೆಗೆ ಸುಕ್ಕೆಲ್ಲ ಒಮ್ಮೆಲೇ ಮಡಿಸಿಕೊಂಡವು. ಅಷ್ಟನ್ನೂ ಹಿಡಿದೆ.

ಅವಳ ಸುಕ್ಕನ್ನು ಅವನ ಮುಖದ ಮೇಲೆ ಹಾಸಿ ತೆಳ್ಳಗೆ ಮಾಡುತ್ತ ಬಂದೆ. ಅವಳು ಕರಗಿದಳು, ಗೆರೆಗಳು ಉಳಿದವು, ಅವುಗಳ ಒಳಗಿನಿಂದ ಒಬ್ಬ ಮುದುಕ ನಕ್ಕ. ಎಳೆಯುವುದಾಗಲಿ ಬಿಗಿಯುವುದಾಗಲಿ ಬೇಕಾಗಲಿಲ್ಲ, ಸುಕ್ಕು ಅವನವೇ ಎಂಬಂತೆ ಕೂತವು. ಆ ದಿನ ಬಸ್ಸಿನಲ್ಲಿ ಮಸ್ಕಿ ಯಾವಾಗ ಹೋಯಿತೋ ನನಗೆ ಗೊತ್ತೇ ಆಗಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ತಾಯಿ ಮಗ ಬಂದರು. ಕಟ್ಟು ಹಾಕಿಸಿದ ಜೋಡಿ ಫೋಟೋವನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಇಲಕಲ್ ಸೀರೆಯಲ್ಲಿ ಅವಳು, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಅವನು. ಯಾರು ನೋಡಿದರೂ ಗಂಡ ಹೆಂಡತಿ, ಎರಡು ಮಾತಿಲ್ಲ. ಅಜ್ಜಿ ಅದರ ಮುಂದೆ ನೆಲದ ಮೇಲೆ ಕೂತಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಮತ್ತೆ ಎಲ್ಲಿ ಯಾರನ್ನು ತಂದು ಕೂರಿಸಿದೆನೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

"ಇವ್ರಾ," ಎಂದಳು. "ಇವ್ರಾ ನಮ್ಮ ಮನಿಯವ್ರು."

ಆಮೇಲೆ, ನನಗೆ ಹೇಳಿದಳೋ ಫೋಟೋಕ್ಕೆ ಹೇಳಿದಳೋ: "ಅವ್ರು ಹೋದಾಗ ನಾ ಅಳಲಿಲ್ಲವ್ವ. ಗಟ್ಟಿ ಹೆಂಗಸು ಅಂದ್ರು ಮಂದಿ. ಆ ವಯಸ್ಸಿನಾಗ ಯಾರರ ಹೋಗ್ತಾರೇನು? ಎಲ್ಲೋ ಹೋಗ್ಯಾರ, ಬರ್ತಾರ ಅಂತಾನ ಇದ್ದೆ ನಾ, ಇಲ್ಲೀತನಕ." ಅವಳು ಬಗ್ಗಿ ಗಾಜಿನ ಮೇಲಿಂದ ಆ ಮುದುಕನ ಗಲ್ಲದ ಮೇಲೆ ಕೈಯಿಟ್ಟಳು. "ಇಷ್ಟು ವಯಸ್ಸಾದವ್ರು ಹೋಗ್ತಾರ. ಈಗ ಹೋಗ್ಯಾರ."

ಹಾಗೆಂದು ಅಳತೊಡಗಿದಳು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವ ಹಾಗೆ, ದನಿ ತೆಗೆದು, ಎದೆ ಬಡಿದುಕೊಂಡು ಅತ್ತಳು. ಬೀಡಿ ಬಿಟ್ಟವನು, ಟ್ರ್ಯಾಕ್ಟರ್ ಹೊಡೆದವನು, ಮಗನ ಲಗ್ನಕ್ಕೆ ಪಟಕಾ ಸುತ್ತಿದವನು ಎಂದು ಒಂದೊಂದನ್ನೇ ಕರೆದಳು. ಪಕ್ಕದ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು. ಮಗ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು, ಸಾವಿನ ಮನೆಗೆ ಬಂದವರು ಕೂರುವ ಹಾಗೆ, ತಾಯಿಯ ಪಕ್ಕ ನೆಲದ ಮೇಲೆ ಕೂತ.