ಗುಡಿ ಇಲ್ಲದ ದಾರಿ

ದೊಡ್ಡಬಸಮ್ಮನಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಲೇಬೇಡಿ. ಕ್ಲಚ್ಚು ಅವಳ ಕಾಲಿನ ಮಾತು ಕೇಳುತ್ತಿತ್ತು. ಗೇರು ಕಿರಿಕ್ ಎನ್ನದೆ ಬೀಳುತ್ತಿತ್ತು. ಬಳ್ಳಾರಿಯ ಆಟೋಗಳ ನಡುವೆ ನುಗ್ಗಿ ಆಚೆ ಬರುವುದೆಂದರೆ ಗಂಡಸರೇ ಬೆವರುತ್ತಾರೆ, ಇವಳು ಎಲೆ ಅಡಿಕೆ ಜಗಿಯುತ್ತ ಬಂದುಬಿಡುತ್ತಿದ್ದಳು. ತೊಂದರೆ ಇದ್ದದ್ದು ಒಂದೇ. ದಾರಿಯಲ್ಲಿ ಗುಡಿ ಕಂಡರೆ ಸಾಕು, ಅವಳ ಎರಡೂ ಕೈಗಳು ಸ್ಟೇರಿಂಗ್ ಬಿಟ್ಟು ಎದೆಯ ಹತ್ತಿರ ಬಂದು ಜೋಡಿಯಾಗಿ ನಿಲ್ಲುತ್ತಿದ್ದವು.

ಪಾರ್ವತಿನಗರದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದ ವೀರೇಶನಿಗೆ ಇದು ಗೊತ್ತಾದದ್ದು ದುರ್ಗಮ್ಮನ ಗುಡಿಯ ಮುಂದೆ. ಎಡಗಡೆ ಸೀಟಿನಲ್ಲಿ ಕುಳಿತು ಫೋನ್ ನೋಡುತ್ತಿದ್ದವನು, ಕಾರು ತನ್ನ ಪಾಡಿಗೆ ತಾನು ಕಬ್ಬಿನ ಹಾಲಿನ ಗಾಡಿಯ ಕಡೆ ಹೊರಟದ್ದನ್ನು ಕಂಡು ಚಂಗನೆ ಸ್ಟೇರಿಂಗ್ ಹಿಡಿದ. ಬಸಮ್ಮ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಳು.

"ಅಕ್ಕಾ! ನಿನ್ನ ಕೈ ಎಲ್ಲಿ ಅದಾವ?"

"ಅಮ್ಮನ ಗುಡಿ ಬಂತಲ್ರಿ ಸರ್."

"ಅಮ್ಮ ಏನೂ ಅನ್ನಂಗಿಲ್ಲ. ನಾವು ಈಗ ಹೋಗಿ ಆಕಿ ಕಡೀನ ಸೇರಿಕೊಂತಿದ್ವಿ! ಮನಸಿನ್ಯಾಗ ಕೈ ಮುಗಿಯಕ್ಕ, ಮನಸಿನ್ಯಾಗ!"

ಹೇಳುವುದು ಸುಲಭ. ಮನಸ್ಸಿಗೆ ಬುದ್ಧಿ ಹೇಳಬಹುದು, ಕೈಗೆ ಹೇಳುವವರು ಯಾರು? ಬಸಮ್ಮ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ನೋಡಿದಳು, ಗುಡಿ ಕಂಡರೆ ಬೇರೆ ಕಡೆ ಮುಖ ತಿರುಗಿಸಿ ನೋಡಿದಳು. ಮುಖ ತಿರುಗಿಸಿದ ಕಡೆ ದರ್ಗಾ ಇತ್ತು. ಅದಕ್ಕೂ ಕೈ ಎದ್ದವು.

ಈ ಕೈಗಳ ಕಥೆ ಇಂದಿನದಲ್ಲ. ಅವಳ ಅಪ್ಪ ಗಾದಿಲಿಂಗಪ್ಪ ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಬಳ್ಳಾರಿಗೆ ಲಾರಿ ಹೊಡೆಯುತ್ತಿದ್ದ. ಸಾಲಿ ರಜೆ ಬಂತೆಂದರೆ ಮಗಳು ಕ್ಯಾಬಿನ್ನಿನ ಬಿಸಿ ಬಾನೆಟ್ಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದಳು. ಗಾದಿಲಿಂಗಪ್ಪ ದೈವಭಕ್ತ, ಆದರೆ ಅವಸರದ ಮನುಷ್ಯ. ಗುಡಿ ಗುಡಿಗೂ ಲಾರಿ ನಿಲ್ಲಿಸುತ್ತ ಹೋದರೆ ಲೋಡು ಮುಟ್ಟುವುದು ಯಾವಾಗ? ಹಾಗಾಗಿ ಕೈಮುಗಿಯುವ ಕೆಲಸವನ್ನು ಮಗಳಿಗೆ ವಹಿಸಿದ್ದ. "ಬಸೂ, ಗುಡಿ ಬಂತು ನೋಡಲೇ," ಎನ್ನುವುದೇ ತಡ, ಅವಳು ಕಣ್ಣು ಮುಚ್ಚಿ ಕೈ ಜೋಡಿಸುತ್ತಿದ್ದಳು. ಹನುಮಪ್ಪ, ಸುಂಕಲಮ್ಮ, ಬಸವಣ್ಣ, ದರ್ಗಾ, ಗಿಡದ ಬುಡದ ನಾಗಪ್ಪ, ಯಾರನ್ನೂ ಬಿಡುವಂತಿರಲಿಲ್ಲ.

ಹುಡುಗಿಯೋ, ಏನು ಕಂಡರೂ ಯಾಕೆ ಎನ್ನುವವಳು. ಒಂದು ದಿನ ಕೇಳಿದಳು: "ಅಪ್ಪಾ, ನಾ ಮುಗಿದ್ರ ಪುಣ್ಯ ನನಗ ಬರತೈತಿ. ನಿನಗ ಹೆಂಗ ಬರತೈತಿ?"

"ಒಂದ ಗಾಡ್ಯಾಗ ಇದ್ದವರಿಗೆಲ್ಲ ಒಂದ ಲೆಕ್ಕಲೇ."

"ಹಂಗಾದ್ರ ಒಂದ್ಸಲ ನೀ ಮುಗಿ, ನಾ ಸ್ಟೇರಿಂಗ್ ಹಿಡೀತೀನಿ."

ಗಾದಿಲಿಂಗಪ್ಪ ಲಾರಿ ಅಲುಗಾಡುವಂತೆ ನಕ್ಕಿದ್ದ. "ನಿನ್ನ ಕೆಲಸ ಮುಗಿಯೋದು, ನನ್ನ ಕೆಲಸ ಹಿಡಿಯೋದು," ಎಂದಿದ್ದ. ಅವಳು ಎಷ್ಟೋ ಸಲ ಕೇಳಿದಳು. ಲಾರಿ ನಿಂತಿದ್ದಾಗಲಾದರೂ ಒಮ್ಮೆ ಹಿಡಿಯಲೇ ಎಂದಳು. ಆತ ಕೊಡಲಿಲ್ಲ. ಕೊಡದೆಯೇ ತೀರಿಕೊಂಡ. ಅಪ್ಪನ ಮೇಲೆ ಅವಳಿಗೆ ಬೆಟ್ಟದಷ್ಟು ಪ್ರೀತಿ ಇತ್ತು, ಜೊತೆಗೆ ಇದೊಂದು ಸಿಟ್ಟೂ ಇತ್ತು.

ಈಗ ಕುರುಗೋಡಿನ ಪಕ್ಕದ ತನ್ನ ಹಳ್ಳಿಯಲ್ಲಿ ಅವಳು ಪಂಚಾಯಿತಿಯ ಕಸದ ಗಾಡಿಯ ಹಿಂದೆ ನಡೆಯುತ್ತಿದ್ದಳು. ಬಾಡಿಗೆ ಡ್ರೈವರ್ ಒಬ್ಬ ಗಾಡಿ ಓಡಿಸುತ್ತಿದ್ದ, ಬಸಮ್ಮ ಮತ್ತು ಅವಳ ಗೆಳತಿ ಅನಿತಾ ಬುಟ್ಟಿ ಎತ್ತಿ ಸುರಿಯುತ್ತಿದ್ದರು. ಆ ಮಹಾರಾಯನಿಗೆ ಎಲ್ಲಿಗೆ ಹೋಗುವ ಅವಸರವೋ! ಮುದುಕಿಯರು ಬುಟ್ಟಿ ಹಿಡಿದು ಹೊಸ್ತಿಲು ದಾಟುವುದರೊಳಗೆ ಗಾಡಿ ಮುಂದಿನ ಓಣಿಯಲ್ಲಿ ಹಾಡು ಹಾಕಿಕೊಂಡಿರುತ್ತಿತ್ತು. ಕೊನೆಗೆ ಪಂಚಾಯಿತಿಯವರು, ಡಿಸೆಂಬರ್ ಹುಟ್ಟುವುದರೊಳಗೆ ಮಹಿಳಾ ಸಂಘದಲ್ಲಿ ಯಾರಾದರೂ ಲೈಸೆನ್ಸ್ ತಂದರೆ ಡ್ರೈವರ್ ಕೆಲಸ ಅವರಿಗೆ, ಇಲ್ಲದಿದ್ದರೆ ಅವನನ್ನೇ ಕಾಯಂ ಮಾಡುತ್ತೇವೆ ಎಂದರು. ಬಸಮ್ಮ ಅವತ್ತೇ ಬಳ್ಳಾರಿ ಬಸ್ಸು ಹತ್ತಿದ್ದಳು.

"ಟೆಸ್ಟ್ ಎಲ್ಲಿ ಕೊಡ್ತಿ ಅಕ್ಕಾ?" ಎಂದು ವೀರೇಶ ಒಂದು ದಿನ ಕೇಳಿದ. "ಬಳ್ಳಾರಿ ಆರ್‌ಟಿಓ ಆಫೀಸಿನ್ಯಾಗ ಕೊಡಬಹುದು. ಇಲ್ಲಾಂದ್ರ ಸಾಹೇಬ್ರು ಕುರುಗೋಡಿಗೂ ಸಿರುಗುಪ್ಪಕ್ಕೂ ಕ್ಯಾಂಪ್ ಬರ್ತಾರ, ಅಲ್ಲೇ ಕೊಡಬಹುದು. ಎಲ್ಲಿ ಕೊಟ್ರೂ ಒಂದು ಮಾತು ನೆನಪಿಟ್ಕೊ. ರೋಡಿನ್ಯಾಗ ಕೈ ಬಿಟ್ಟಿ ಅಂದ್ರ ಅಲ್ಲೇ ಫೇಲ್. ಇನ್ನೊಂದ್ಸಲ ಕೊಡೋದ್ರೊಳಗ ಡಿಸೆಂಬರ್ ಬಂದಿರತೈತಿ."

ಬೇರೆಯವರು ಎಲ್ಲಿ ಸಾಹೇಬರು ಮೆತ್ತಗಿದ್ದಾರೆ, ಎಲ್ಲಿ ರಸ್ತೆ ಅಗಲವಾಗಿದೆ ಎಂದು ವಿಚಾರಿಸುತ್ತಾರೆ. ಬಸಮ್ಮ ವಿಚಾರಿಸಿದ್ದು ಒಂದನ್ನೇ. ಎಲ್ಲಿಯ ದಾರಿಯಲ್ಲಿ ಗುಡಿ ಇಲ್ಲ?

ಕುರುಗೋಡು ಮೊದಲೇ ಬಿದ್ದುಹೋಯಿತು. ಅಲ್ಲಿ ದೊಡ್ಡಬಸವೇಶ್ವರನಿದ್ದಾನೆ, ಅವಳಿಗೆ ಹೆಸರು ಕೊಟ್ಟವನೇ ಅವನು. ಅವನ ಊರಿನಲ್ಲಿ ಕೈಮುಗಿಯದೆ ಗಾಡಿ ಓಡಿಸುವುದೇ? "ಆ ಮಾತು ಎತ್ತಬ್ಯಾಡ," ಎಂದಳು ಅನಿತಾಗೆ.

ಬಳ್ಳಾರಿಯನ್ನು ಇಬ್ಬರೂ ಕೂಡಿ ನೋಡಿದರು. ಟೆಸ್ಟ್ ನಡೆಯುವ ರಸ್ತೆಯ ಬದಿಯ ಬೇವಿನ ನೆರಳಿನಲ್ಲಿ ಕುಳಿತು, ಮಿರ್ಚಿ ಮಂಡಕ್ಕಿ ತಿನ್ನುತ್ತ, ಬರುವ ಹೋಗುವ ಕಾರುಗಳನ್ನು ಸಿನಿಮಾ ನೋಡಿದಂತೆ ನೋಡಿದರು. ಬಸಮ್ಮನಿಗೆ ಎಲ್ಲವೂ ಸೋಜಿಗ. ಈಕೆ ಯಾಕೆ ಗಾಡಿ ಆಫ್ ಮಾಡಿಕೊಂಡಳು? ಆತ ಯಾಕೆ ಬಲಕ್ಕೆ ಕೈ ತೋರಿಸಿ ಎಡಕ್ಕೆ ಹೋದ? ಒಬ್ಬ ದಪ್ಪ ಮೀಸೆಯವನು ಇಳಿದು ಅಳುಮೋರೆ ಮಾಡಿದಾಗ ಎದ್ದು ಹೋಗಿ, "ಯಾಕ್ರಣ್ಣ, ಏನು ತಪ್ಪಾತು?" ಎಂದು ಕೇಳಿಯೂ ಬಂದಳು. ಅವನು ಕೊಟ್ಟ ಉತ್ತರ ಬರೆಯುವಂಥದ್ದಲ್ಲ.

"ಈ ರೋಡು ಚಲೋ ಐತಿ," ಎಂದಳು ಅನಿತಾ. "ಗುಡಿ ಇಲ್ಲ ಏನಿಲ್ಲ."

"ಬಾಯಿ ಮುಚ್ಚಿ ನೋಡು. ಆ ಟೈರ್ ಅಂಗಡಿ ಮಗ್ಗಲದಾಗ ಏನೈತಿ?"

ಟೈರುಗಳ ರಾಶಿಯ ಮಗ್ಗುಲಲ್ಲಿ, ಮೊಣಕಾಲೆತ್ತರದ ಕಟ್ಟೆಯ ಮೇಲೆ, ಕೆಂಪು ಬಳಿದುಕೊಂಡ ಹನುಮಪ್ಪ ಕುಳಿತಿದ್ದ. ಬಸಮ್ಮ ಅವನಿಗೆ ಅಲ್ಲಿಂದಲೇ ಕೈಮುಗಿದು ಬಳ್ಳಾರಿಯ ಆಸೆ ಬಿಟ್ಟಳು.

ಉಳಿದದ್ದು ಸಿರುಗುಪ್ಪ. ಕ್ಯಾಂಪ್ ನಡೆಯುವುದು ಊರ ಹೊರಗಿನ ಬಯಲಿನಲ್ಲಿ, ಟೆಸ್ಟ್ ಕೊಡುವುದು ಕೆಂಚನಗುಡ್ಡದ ಕಡೆಯ ರಸ್ತೆಯಲ್ಲಿ ಎಂದು ವೀರೇಶ ಹೇಳಿದ್ದ. ಗೆಳತಿಯರು ಬಿಸಿಲಲ್ಲಿ ಆ ದಾರಿಯುದ್ದಕ್ಕೂ ನಡೆದರು. ಎರಡೂ ಕಡೆ ಸೊಂಟದೆತ್ತರದ ಭತ್ತ, ನಡುವೆ ಬೋಳು ರಸ್ತೆ. ದೂರದಲ್ಲಿ ಕುಂಕುಮ ಹಚ್ಚಿದ ಕಲ್ಲೊಂದು ಕಂಡಿತು. ಓಡಿಹೋಗಿ ನೋಡಿದರೆ ಮೈಲುಗಲ್ಲು. ಯಾರೋ ಎಲೆ ಅಡಿಕೆ ಉಗುಳಿದ್ದರು.

"ಉಗುಳಿದವನ ಹೊಟ್ಟಿ ತಣ್ಣಗಿರಲಿ!" ಎಂದಳು ಬಸಮ್ಮ.

ಆದರೂ ಸಮಾಧಾನವಾಗಲಿಲ್ಲ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಮುದುಕಿಯನ್ನು ಕರೆದು, "ಯವ್ವಾ, ಈ ದಾರ್ಯಾಗ ಗುಡಿ ಅದಾವೇನು?" ಎಂದು ಕೇಳಿದಳು.

"ಯಾಕವ್ವಾ, ಹರಕಿ ಐತೇನು?"

"ಇಲ್ಲಬೇ. ಗುಡಿ ಇಲ್ಲದ ದಾರಿ ಬೇಕಾಗೈತಿ."

ಮುದುಕಿ ಸೊಂಟದ ಮೇಲೆ ಕೈಯಿಟ್ಟು ಇವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಂಥಾದ್ದು ಕೇಳಾಕ ಬಂದವರನ್ನ ಇವತ್ತೇ ನೋಡಿದ್ನೆವ್ವಾ," ಎಂದು ಮತ್ತೆ ಕಳೆಗೆ ಬಗ್ಗಿದಳು. "ಇಲ್ಲ. ಈ ಕಡಿ ಒಂದೂ ಇಲ್ಲ. ಹೋಗ್ರಿ."

ಬಸಮ್ಮ ಸಿರುಗುಪ್ಪಕ್ಕೆ ಹೆಸರು ಬರೆಸಿದಳು. ಅಂದು ರಾತ್ರಿ ಗಂಡ ಎರ್ರಿಗೆ ಊಟಕ್ಕೆ ಬಡಿಸುತ್ತ ಇಡೀ ದಾರಿಯನ್ನು ವರ್ಣಿಸಿದಳು. ಎರ್ರಿ ರೊಟ್ಟಿ ಮುರಿಯುತ್ತ, "ದೇವ್ರಿಂದ ತಪ್ಪಿಸ್ಕೊಂಡು ಇಷ್ಟು ದೂರ ಹೋದವಳು ನೀನೊಬ್ಬಾಕಿನ," ಎಂದ.

ಟೆಸ್ಟಿನ ದಿನ ನವೆಂಬರಿನ ಕೊನೆಗೆ ಬಂತು. ಇಲ್ಲಿ ಒಂದು ಮಾತು ಹೇಳಲೇಬೇಕು. ಭತ್ತದ ಸೀಮೆಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ಮೂಲೆ ಮೂಲೆಯ ಕಲ್ಲನ್ನೂ ಮುಟ್ಟಿ ನೋಡಿ ಬಂದವಳು, ಕಣ್ಣೆದುರಿನ ಭತ್ತವನ್ನೇ ಮರೆತಿದ್ದಳು. ನಿಂತ ಬೆಳೆ ನಿಂತೇ ಇರುತ್ತದೆಯೇ? ನವೆಂಬರಿನಲ್ಲಿ ಕೊಯ್ಲು, ಕೊಯ್ದ ಭತ್ತ ಒಣಗಲು ಬೀಳುವುದು ಡಾಂಬರು ರಸ್ತೆಯ ಮೇಲೆ. ಇದು ಸಣ್ಣ ಮಕ್ಕಳಿಗೂ ಗೊತ್ತು.

ಕಾರು ಬಯಲಿನಿಂದ ರಸ್ತೆಗೆ ಬಂತು. ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು. ಮೈಸೂರು ಕಡೆಯವರು, ಕನ್ನಡಕದವರು, ನಗುವುದನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದರು. ಬಸಮ್ಮ ತಲೆ ಎತ್ತಿ ನೋಡಿದರೆ, ಅವಳು ನಡೆದು ಅಳೆದಿದ್ದ ದಾರಿ ಉದ್ದಕ್ಕೂ ಹಳದಿಯಾಗಿತ್ತು. ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು, ನಡುವೆ ಹೆಂಗಸರು ಕಾಲಿನಿಂದ ಭತ್ತ ಕೆದರುತ್ತ ನಡೆಯುತ್ತಿದ್ದರು.

"ಆ ಕಡೆ ಆಗುವುದಿಲ್ಲ. ಎಡಕ್ಕೆ ತಿರುಗಿಸಿ, ಊರ ಕಡೆ ಹೋಗೋಣ," ಎಂದರು ಸಾಹೇಬರು.

"ಸರ್, ಭತ್ತದ ಮಗ್ಗಲದಾಗ ಸಣ್ಣಗ ಹೋಗಬಹುದ್ರಿ..."

"ಎಡಕ್ಕೆ, ಅಮ್ಮ."

ಬಸಮ್ಮ ತಿರುಗಿಸಿದಳು. ಈ ದಾರಿಯನ್ನು ಅವಳು ನೋಡಿರಲಿಲ್ಲ. ಗೇರು ಬದಲಾಯಿಸಿದಳು, ಎದುರಿನ ಟ್ರ್ಯಾಕ್ಟರಿಗೆ ಜಾಗ ಬಿಟ್ಟಳು, ಅಡ್ಡ ಬಂದ ಎಮ್ಮೆಗೆ ಹಾರ್ನ್ ಹೊಡೆಯದೆ ಕಾದಳು. ಎಲ್ಲ ಸರಿಯಾಗಿತ್ತು. ಆದರೆ ಕಣ್ಣು ಮಾತ್ರ ರಸ್ತೆಯ ಎರಡೂ ಬದಿಯನ್ನು ಕಳ್ಳರಂತೆ ಹುಡುಕುತ್ತಿತ್ತು. ಹುಣಸೆ ಮರದ ತಿರುವು ದಾಟಿದಳೋ ಇಲ್ಲವೋ, ಎದುರಿಗೇ ಸುಂಕಲಮ್ಮನ ಗುಡಿ. ಹೊಸ ಸುಣ್ಣ, ಬೇವಿನ ತೋರಣ. ಒಳಗೆ ಯಾರೋ ಗಂಟೆ ಬಾರಿಸಿದರು.

ಅವಳ ಎಡಗೈಯ ಬೆರಳು ಸಡಿಲಾಗತೊಡಗಿದವು. ಹೋಯಿತು, ಎಲ್ಲ ಹೋಯಿತು ಎಂದುಕೊಂಡಳು. ನಾಳೆಯಿಂದ ಮತ್ತೆ ಅದೇ ಗಾಡಿಯ ಹಿಂದೆ ಓಡುವುದು, ಅದೇ ಬುಟ್ಟಿ ಎತ್ತುವುದು. ಸಿಟ್ಟು ಬಂತು. ಗುಡಿಯ ಮೇಲಲ್ಲ, ಭತ್ತದ ಮೇಲೂ ಅಲ್ಲ. ಬಾನೆಟ್ಟಿನ ಮೇಲೆ ಕೂರಿಸಿ ಬರೀ ಕೈಮುಗಿಯುವುದನ್ನು ಕಲಿಸಿದ ಅಪ್ಪನ ಮೇಲೆ. ಸಿಟ್ಟಿನಲ್ಲೇ ಅಪ್ಪನ ಇನ್ನೊಂದು ಮಾತೂ ನೆನಪಾಯಿತು.

"ಸರ್," ಎಂದಳು, ಕಣ್ಣು ರಸ್ತೆಯಿಂದ ಕೀಳದೆ. "ನನ್ನ ಸಲುವಾಗಿ ನೀವು ಕೈ ಮುಗೀರಿ."

"ಏನಂದ್ರಿ?"

"ಗುಡಿ ಬಂತ್ರಿ. ನನ್ನ ಕೈ ಖಾಲಿ ಇಲ್ಲ. ಹಿಡಿದವರು ಹಿಡೀಬೇಕು, ಮಗ್ಗಲದಾಗ ಕುಂತವರು ಮುಗೀಬೇಕು. ಒಂದ ಗಾಡ್ಯಾಗ ಇದ್ದವರಿಗೆಲ್ಲ ಒಂದ ಲೆಕ್ಕ ಅಂತ ನಮ್ಮಪ್ಪ ಹೇಳ್ತಿದ್ದ. ಲಗೂನ ಮುಗೀರಿ ಸರ್, ಗುಡಿ ದಾಟತೈತಿ!"

ಸಾಹೇಬರು ಅವಳ ಮುಖ ನೋಡಿದರು. ಸ್ಟೇರಿಂಗ್ ಮೇಲೆ ಗಂಟು ಬಿದ್ದಂತಿದ್ದ ಬೆರಳುಗಳನ್ನು ನೋಡಿದರು. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಗುಡಿಯ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು.

ಬಸಮ್ಮನ ಕೈ ಏಳಲಿಲ್ಲ. ಏಳಬೇಕೆಂದು ಅವಕ್ಕೆ ಅನಿಸಲೇ ಇಲ್ಲ.

"ಸಾಕಾ?" ಎಂದು ಕೇಳಿದರು ಸಾಹೇಬರು, ಗುಡಿ ಹಿಂದೆ ಬಿದ್ದ ಮೇಲೆ.

"ಸಾಕ್ರಿ. ಚಲೋ ಮುಗಿದ್ರಿ."

ಆಗ ಅವರಿಗೆ ನಗು ಬಂತು. ವಾಪಸು ಬರುವಾಗ ಅದೇ ಗುಡಿ ಮತ್ತೆ ಎದುರಾಯಿತು. ಈ ಸಲ ಬಸಮ್ಮ ಹೇಳಬೇಕಾಗಲಿಲ್ಲ.

ಬಯಲಿನಲ್ಲಿ ವೀರೇಶ ಉಗುರು ಕಚ್ಚುತ್ತ ನಿಂತಿದ್ದ. ಕಾರು ಊರ ಕಡೆಯಿಂದ ಬಂದದ್ದನ್ನು ನೋಡಿದಾಗಲೇ ಅವನು ಅರ್ಧ ಆಸೆ ಬಿಟ್ಟಿದ್ದ. ಬಸಮ್ಮ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುಗಿಸಿದಳು. ಸಾಹೇಬರು ಪೆನ್ನು ತೆಗೆದು ಗೀಚಿದರು.

"ಪಾಸು. ಇಳಿಯಿರಿ ಅಮ್ಮ, ಮುಂದಿನವರು ಬರಲಿ."

ಬಸಮ್ಮ ಇಳಿಯಲಿಲ್ಲ. ಆಫ್ ಆದ ಗಾಡಿಯ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ.

"ಯಾಕಮ್ಮ, ಏನಾಯ್ತು?"

"ಏನಿಲ್ರಿ ಸರ್. ಇನ್ನೊಂದೀಟು ಹೊತ್ತು ಹಿಡಕೊಂಡಿರ್ತೀನಿ. ನಮ್ಮಪ್ಪ ಕೊಟ್ಟಿರಲಿಲ್ಲ."