ಸ್ಟೆಪ್ನಿ ಮತ್ತು ಶಿವದಾರ

ಹೆದರಿಕೆಯಾದರೆ ನನ್ನ ಬಲಗೈ ತಾನಾಗಿಯೇ ಎದೆಗೆ ಹೋಗುತ್ತದೆ. ಅಂಗಿಯ ಎರಡನೆಯ ಗುಂಡಿಯ ಹತ್ತಿರ ಏನನ್ನೋ ತಡಕಾಡಿ, ಏನೂ ಸಿಗದೆ, ಪೆಚ್ಚಾಗಿ ಕೆಳಗಿಳಿಯುತ್ತದೆ. ಬಸ್ಸು ಗಕ್ಕನೆ ನಿಂತರೂ ಇದೇ ಕಥೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೂ ಇದೇ ಕಥೆ. ನೋಡಿದವರು ಮುದುಕನಿಗೆ ಹೃದಯದ ತೊಂದರೆ ಇರಬೇಕೆಂದು ಎದ್ದು ಸೀಟು ಬಿಡುತ್ತಾರೆ. ನಾನೂ ಬೇಡ ಅನ್ನುವುದಿಲ್ಲ, ಸ್ವಲ್ಪ ಕೆಮ್ಮಿ ಕೂತುಬಿಡುತ್ತೇನೆ. ಆ ಕೈ ಏನು ಹುಡುಕುತ್ತದೆ ಎಂಬುದು ನನ್ನ ಹೆಂಡತಿ ನೀಲಮ್ಮನಿಗೆ ಮಾತ್ರ ಗೊತ್ತು.

ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಶಿವದಾರ, ದಾರದ ತುದಿಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಗುಡುಗಿದಾಗಲೆಲ್ಲ ಅವ್ವ ನನ್ನ ಪುಟ್ಟ ಕೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಅಂಜಿಕೆ ಬಂದರೆ ಇದನ್ನು ಹಿಡಿದುಕೋ, ಬೇರೇನೂ ಮಾಡುವುದು ಬೇಡ ಎನ್ನುತ್ತಿದ್ದಳು. ಮುಂದೆ ನಾನು ತಾಂಡೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆದೆ. ಬೆಲ್ಟು ತಿರುಗುವ ಕಡೆ ಓಡಾಡುವವರ ಕೊರಳಲ್ಲಿ ದಾರ ಇರಬಾರದು ಎಂದು ಹಿರಿಯರೊಬ್ಬರು ಎಚ್ಚರಿಸಿದರು. ಒಂದು ಪಾಳಿಯ ಮಟ್ಟಿಗೆ ಅಂತ ಕರಡಿಗೆ ಸಮೇತ ತೆಗೆದು ಮನೆಯ ಅಲ್ಮಾರಿಯಲ್ಲಿಟ್ಟೆ. ಆ ಪಾಳಿ ಮೂವತ್ತಮೂರು ವರ್ಷ ನಡೆಯಿತು. ವಿಚಾರ ಮಾಡಿ ಬಿಟ್ಟವರನ್ನು ಕಂಡರೆ ನನಗೆ ಗೌರವವಿದೆ, ಅವರು ಅದಕ್ಕಾಗಿ ಜಗಳವಾಡಿದ್ದಾರೆ, ನಿದ್ದೆಗೆಟ್ಟಿದ್ದಾರೆ. ನಾನು ಬಿಟ್ಟದ್ದು ಬರೀ ಸೋಮಾರಿತನದಿಂದ. ಕೈಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ನೀಲಮ್ಮನ ದಾರಿಯೇ ಬೇರೆ. ಎಂಟು ವರ್ಷದವಳಿದ್ದಾಗ ಕಟ್ಟಿದ ಲಿಂಗವನ್ನು ದಿನಾ ಮುಂಜಾನೆ ಎಡಗೈಯಲ್ಲಿಟ್ಟು ಪೂಜೆ ಮಾಡದೆ ಅವಳು ಗುಟುಕು ನೀರನ್ನೂ ಮುಟ್ಟಿದವಳಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ, ಹಸಿದಿರಬೇಡಿ ಅಂತ ಡಾಕ್ಟರು ಬೈದರು. ಪೂಜೆಯನ್ನು ಏಳು ಗಂಟೆಗೇ ಮುಗಿಸುವುದಾಗಿ ಅವರೊಡನೆ ಒಪ್ಪಂದ ಮಾಡಿಕೊಂಡು ಬಂದಳು. ಪೂಜೆ ಬಿಡುವ ಮಾತು ಆ ಕೋಣೆಯಲ್ಲಿ ಬರಲೇ ಇಲ್ಲವಂತೆ.

ಇಂಥ ನಾವಿಬ್ಬರು ನಿವೃತ್ತಿಯಾದ ಮೇಲೆ ಹಳೆಯ ಕಾರೊಂದನ್ನು ಕೊಂಡು ತಾಂಡೂರಿನಿಂದ ನರ್ಮದೆಯನ್ನು ನೋಡಲು ಹೊರಟೆವು. ಮಳೆಗಾಲದಲ್ಲಿ ಯಾಕೆ ಎಂದು ಕೇಳದವರಿಲ್ಲ. ನದಿಯನ್ನು ತುಂಬಿದಾಗಲೇ ನೋಡಬೇಕು, ಬೇಸಿಗೆಯಲ್ಲಿ ನೋಡಿದರೆ ಅದು ಬಡಕಲಾಗಿರುತ್ತದೆ ಎಂಬುದು ನೀಲಮ್ಮನ ವಾದ. ದೂರ ಹೊರಡುವ ಮುಂಚೆ ತನ್ನ ಅಕ್ಕನ ಕಾಲು ಮುಟ್ಟಬೇಕು ಎಂಬುದು ಅವಳ ಇನ್ನೊಂದು ನಿಯಮ. ಅಕ್ಕ ಇರುವುದು ಬೊಮ್ರಾಸಪೇಟೆಯಲ್ಲಿ, ಅಂದರೆ ಅಪ್ಪಟ ದಕ್ಷಿಣಕ್ಕೆ. ಹೀಗೆ ಉತ್ತರದ ಯಾತ್ರೆಗೆ ನಾವು ದಕ್ಷಿಣ ದಿಕ್ಕಿಗೆ ಹೊರಟೆವು, ಮೊದಲ ದಿನವೇ ವೈಪರು ಕೈಕೊಟ್ಟಿತು. ಎರಡನೆಯ ದಿನ ಸೈಲೆನ್ಸರಿನೊಳಗೆ ನೀರು ಹೊಕ್ಕಿತು. ಮೂರನೆಯ ದಿನ ಸಂಜೆ ಜಹೀರಾಬಾದಿನಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆ ಮುಟ್ಟಿದಾಗ, ಅವನು ನರ್ಮದೆ ಹೇಗಿತ್ತು ಅಣ್ಣಾ ಎಂದು ನಗದೇ ಕೇಳಿದ. ಬಸ್ಸಿನವನು ಅರ್ಧ ದಿನದಲ್ಲಿ ಮುಗಿಸುವ ದಾರಿ ಅದು.

ಆದರೂ ಮಳೆಯಲ್ಲಿ ಕಾರಿನೊಳಗೆ ಕೂತು ಹೋಗುವುದಿದೆಯಲ್ಲ, ಅದೊಂದು ಸುಖ. ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ ಶುಂಠಿಯ ಹೊಲ, ಕಬ್ಬಿನ ಗದ್ದೆ, ಕೊಡೆ ಹಿಡಿದ ಹೆಂಗಸು, ಎಲ್ಲದರ ಅಂಚೂ ಕರಗಿ ಒಂದರೊಳಗೊಂದು ಬೆರೆಯುತ್ತವೆ. ಊರಿನ ಹೆಸರು ಬರೆದ ಹಲಗೆ ತೆಲುಗಿನಲ್ಲಿದೆಯೋ ಕನ್ನಡದಲ್ಲಿದೆಯೋ ತಿಳಿಯುವುದಿಲ್ಲ, ತಿಳಿಯಬೇಕು ಅನ್ನಿಸುವುದೂ ಇಲ್ಲ. ಎಷ್ಟೋ ಸಲ ನಾನು ಕಾರು ಓಡಿಸುತ್ತಿದ್ದೇನೋ ಅಥವಾ ರಸ್ತೆಯೇ ನಮ್ಮಡಿಯಿಂದ ಹಿಂದಕ್ಕೆ ಹರಿಯುತ್ತಿದೆಯೋ ಎಂದು ಅನುಮಾನವಾಗುತ್ತಿತ್ತು. ಪಕ್ಕದಲ್ಲಿ ನೀಲಮ್ಮ ಒಂದೊಂದಾಗಿ ಶೇಂಗಾ ಬಿಡಿಸಿ ನನ್ನ ಕೈಗಿಡುತ್ತಿದ್ದಳು. ಇನ್ನೇನು ಬೇಕು ಹೇಳಿ?

ನಾಲ್ಕನೆಯ ದಿನ ಕತ್ತಲಿರುವಾಗಲೇ ಜಹೀರಾಬಾದಿನಿಂದ ಹೊರಟೆವು. ಅಂದಿನ ಪೂಜೆಯನ್ನು ಝರಾಸಂಗಂ ಗುಡಿಯ ಹೊಂಡದ ಮೆಟ್ಟಿಲ ಮೇಲೆ ಕೂತು ಮಾಡಬೇಕೆಂಬುದು ನೀಲಮ್ಮನ ಬಹುದಿನದ ಆಸೆ, ಅವಳ ತಾಯಿ ಅಲ್ಲಿ ಕೂತು ಮಾಡುತ್ತಿದ್ದರಂತೆ. ಅದಕ್ಕೇ ಚಹಾ ಕೂಡ ಕುಡಿಯದೆ ಕಾರು ಹತ್ತಿದ್ದಳು. ಏಳು ಗಂಟೆಯೊಳಗೆ ಪೂಜೆ, ಮಧ್ಯಾಹ್ನಕ್ಕೆ ನಾರಾಯಣಖೇಡದಲ್ಲಿ ಅವಳ ಸೋದರಮಾವನ ಮಗಳ ಮನೆಯಲ್ಲಿ ಊಟ, ಇದು ಲೆಕ್ಕ. ಅರ್ಧ ದಾರಿಯಲ್ಲಿ ಟೈರು ಪಂಕ್ಚರ್ ಆಯಿತು.

ಸ್ಟೆಪ್ನಿ ಡಿಕ್ಕಿಯಲ್ಲಿತ್ತು. ಅದರ ಮೇಲೆ ರೊಟ್ಟಿಯ ಗಂಟು, ಉಪ್ಪಿನಕಾಯಿ ಜಾಡಿ, ಹಾಸಿಗೆ, ಸ್ಟೀಲಿನ ಬಕೆಟ್ಟು. ಗಾಡಿಯಲ್ಲಿ ಏನಿರಲಿ ಬಿಡಲಿ, ಸ್ಟೆಪ್ನಿ ಗಟ್ಟಿಯಾಗಿರಬೇಕು ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದವನು ನಾನೇ. ನೀಲಮ್ಮ ಒಂದು ಕೈಯಲ್ಲಿ ಕೊಡೆ ಹಿಡಿದು ಬಾಗಿ ಸಾಮಾನು ಸರಿಸುವಾಗ ಅವಳ ಶಿವದಾರ ಬಕೆಟ್ಟಿನ ಹಿಡಿಕೆಗೆ ಸಿಕ್ಕಿ ಹರಿಯಿತು. ಕರಡಿಗೆ ನೆಲಕ್ಕೆ ಬೀಳದಂತೆ ಅಂಗೈಯಲ್ಲಿ ಹಿಡಿದಳು. ಒಂದೇ ಕೈಯಲ್ಲಿ ಗಂಟು ಹಾಕುವುದು ಹೇಗೆ? ಗಂಟು ಹಾಕಿ ಕೊಡಿ, ಎಲ್ಲೂ ಕೆಳಗಿಡಬೇಡಿ ಎಂದು ನನ್ನ ಕೈಗಿತ್ತಳು.

ಗಂಟು ಹಾಕಿದೆ. ಅಷ್ಟರಲ್ಲಿ ಗಾಳಿಗೆ ಕೊಡೆ ಮಗುಚಿಕೊಂಡು ಅವಳ ಕೈಯಿಂದ ಹಾರಿತು. ಅರವತ್ತು ದಾಟಿದ ನನ್ನ ಹೆಂಡತಿ ಸೀರೆ ಎತ್ತಿ ಹಿಡಿದು ತೊಗರಿ ಹೊಲದಲ್ಲಿ ಕೊಡೆಯ ಹಿಂದೆ ಓಡಿದಳು. ನಾನು ನಕ್ಕೂ ನಕ್ಕೂ ಸುಸ್ತಾದೆ. ಅವಳು ಕೊಡೆಯೊಂದಿಗೆ ಮರಳಿದಾಗ ನಾನು ಪಾನಾ ಹಿಡಿದು ಗಾಲಿಯ ನಟ್ಟು ಬಿಚ್ಚುತ್ತಿದ್ದೆ. ಗಾಲಿ ಬದಲಿಸಿ, ಒಬ್ಬರನ್ನೊಬ್ಬರು ನೋಡಿ ನಗುತ್ತಾ, ಥಂಡಿಗೆ ನಡುಗುತ್ತಾ ಕಾರು ಹತ್ತಿದೆವು. ಅವಳು ಶಾಲು ಹೊದ್ದು ನಿದ್ದೆ ಹೋದಳು. ನಾನು ರೇನ್‌ಕೋಟಿನ ಮೇಲೆಯೇ ಸೀಟ್ ಬೆಲ್ಟ್ ಎಳೆದುಕೊಂಡೆ. ಆ ಬೆಲ್ಟು ಮೊದಲ ದಿನದಿಂದಲೂ ನನ್ನ ಎದೆಯನ್ನು ಒತ್ತುತ್ತಲೇ ಇದೆ, ಈಗ ಅಭ್ಯಾಸವಾಗಿದೆ.

ಝರಾಸಂಗಂ ಮುಟ್ಟುವಾಗ ಎಂಟೂವರೆ. ಮೆಟ್ಟಿಲ ಮೇಲೆ ಕೂತು ನೀಲಮ್ಮ ಎಡಗೈ ಚಾಚಿದಳು.

"ಕೊಡ್ರಿ."

"ಏನು ಕೊಡಲಿ? ಆಗಲೇ ಕೊಟ್ಟೀನಲ್ಲ."

"ಇಲ್ರಿ. ನಾ ಕೊಡೆ ಹಿಂದ ಹೋಗಿದ್ದೆ. ನೀವು ಕೊಟ್ಟಿಲ್ಲ."

ನಾನು ಕೊಟ್ಟಿದ್ದೆ. ಆಣೆ ಮಾಡಿ ಹೇಳುವಷ್ಟು ಸ್ಪಷ್ಟವಾಗಿ ನೆನಪಿತ್ತು: ಅವಳು ಕೊಡೆ ಮಡಚಿದಳು, ಕೈ ಒರೆಸಿಕೊಂಡಳು, ನಾನು ಅಂಗೈಯಲ್ಲಿ ಇಟ್ಟೆ. ಅವಳ ಬಳೆಯ ಮೇಲೆ ನಿಂತ ಹನಿ ಕೂಡ ನೆನಪಿತ್ತು. ಮೂವತ್ತಮೂರು ವರ್ಷದಲ್ಲಿ ನನ್ನ ಸ್ಟೋರಿನಿಂದ ಒಂದು ವಾಷರ್ ಕಳೆದಿಲ್ಲ, ಸಹಿ ಇಲ್ಲದೆ ಒಂದು ಬೋಲ್ಟ್ ಹೊರಗೆ ಹೋಗಿಲ್ಲ ಎಂದು ಗುಡಿಯ ಅಂಗಳದಲ್ಲೇ ಭಾಷಣ ಬಿಗಿದೆ. ಶಾಲು ಕೊಡವಿದೆವು, ಸೀಟಿನ ಕೆಳಗೆ ಕೈಯಾಡಿಸಿದೆವು, ಡಿಕ್ಕಿ ಖಾಲಿ ಮಾಡಿದೆವು, ರೊಟ್ಟಿಯ ಗಂಟು ಕೂಡ ಬಿಚ್ಚಿದೆವು. ಇರಲಿಲ್ಲ. ನೀಲಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ ಕೂತಳು, ಅಷ್ಟೇ.

ಮೆಟ್ಟಿಲ ಬದಿಗೆ ಕೇದಿಗೆ ಹೂವು ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಕೇದಿಗೆಯ ಕಥೆ ನಿಮಗೆ ಗೊತ್ತಿರಬಹುದು. ಲಿಂಗದ ತುದಿಯನ್ನು ಕಂಡೆನೆಂದು ಬ್ರಹ್ಮ ಸುಳ್ಳು ಹೇಳಿದಾಗ ಕೇದಿಗೆ ಹೌದು ಹೌದು, ನಾನೂ ನೋಡಿದೆ ಎಂದು ಸಾಕ್ಷಿ ನುಡಿಯಿತು. ಅಂದಿನಿಂದ ಶಿವಪೂಜೆಗೆ ಆ ಹೂವು ಸಲ್ಲದು. ಎಲ್ಲೆಡೆ ಹಾಗೆ, ಆದರೆ ಝರಾಸಂಗಂನ ಸಂಗಮೇಶ್ವರ ಮಾತ್ರ ಅದನ್ನೇ ಮುಡಿಯುತ್ತಾನೆ. ನನಗೆ ಈ ದೇವರ ಮೇಲೆ ಮೊದಲಿನಿಂದಲೂ ಪ್ರೀತಿ. ಸುಳ್ಳುಸಾಕ್ಷಿಗೂ ಒಂದು ಊರು ಬೇಕಲ್ಲ. ಆದರೆ ಅಂದು ಆ ಬುಟ್ಟಿಯ ಮುಂದೆ ನಿಂತು ನಾನು ಕೊಟ್ಟೀನಿ, ಕೊಟ್ಟೀನಿ ಎಂದು ಕೂಗುವಾಗ ಇದ್ಯಾವುದೂ ಹೊಳೆಯಲಿಲ್ಲ.

ಹತ್ತು ಗಂಟೆಯಾಯಿತು. ನೀಲಮ್ಮನ ಬೆರಳು ಸಣ್ಣಗೆ ನಡುಗತೊಡಗಿದವು. ಹೂವಿನ ಮುದುಕಿ ಎರಡು ಸಲ ಚಹಾ ತರಿಸಿದಳು, ಎರಡು ಸಲವೂ ಅದು ಆರಿ ತಣ್ಣಗಾಯಿತು. ಒಂದು ಗುಟುಕು ಕುಡಿ, ನಿನ್ನ ದೇವರು ಅಷ್ಟು ಕಠಿಣ ಇಲ್ಲ ಎಂದು ನಾನೂ ಅಂಗಲಾಚಿದೆ.

"ಅವ ಕಠಿಣ ಇಲ್ರಿ," ಅಂದಳು. "ಆದ್ರ ನನ್ನ ಕೂಡ ಐವತ್ತು ವರ್ಷದಿಂದ ಅದಾನ. ಎಲ್ಲಿ ಬಿದ್ದಾನೋ ಮಳ್ಯಾಗ. ನಾ ಹ್ಯಾಂಗ ಚಹಾ ಕುಡೀಲಿ?"

ಅವಳನ್ನು ನೋಡಿಕೊಳ್ಳಲು ಮುದುಕಿಗೆ ಹೇಳಿ, ಪಂಕ್ಚರ್ ಆದ ಜಾಗಕ್ಕೆ ಕಾರು ತಿರುಗಿಸಿದೆ.

ದಾರಿಯಲ್ಲೊಂದು ಹಳ್ಳವಿತ್ತು. ಹೋಗುವಾಗ ಅದರ ಸಣ್ಣ ಸೇತುವೆಯ ಮೇಲೆ ನೀರು ಬೆರಳು ಮುಳುಗುವಷ್ಟಿತ್ತು. ಆ ಜಾಗದಲ್ಲಿ ಇಳಿದು ಮುಕ್ಕಾಲು ಗಂಟೆ ಕೆಸರಿನಲ್ಲಿ ಕೈಯಾಡಿಸಿದೆ. ತೊಗರಿ ಸಾಲುಗಳ ನಡುವೆ ಮೊಣಕಾಲೂರಿ ಹುಡುಕಿದೆ. ಸಿಕ್ಕಿದ್ದು ಒಂದು ಹಳೆಯ ಲಾಳ ಮತ್ತು ನಮ್ಮ ಕೊಡೆಯ ಒಂದು ಕಡ್ಡಿ. ಸೋತು ಹಿಂದಿರುಗಿದರೆ ಹಳ್ಳ ತುಂಬಿ ಬಂದಿತ್ತು. ಸೇತುವೆ ಕಾಣಲಿಲ್ಲ. ಕೆಂಪು ನೀರು ಮುಳ್ಳುಕಂಟಿಗಳನ್ನು ಹೊತ್ತುಕೊಂಡು ಗುಮ್ಮೆಂದು ಹೋಗುತ್ತಿತ್ತು. ಆಚೆ ದಡದ ಮೇಲೆ ಮಳೆ ಬೂದು ಪರದೆಯಂತೆ ಇಳಿಬಿದ್ದಿತ್ತು, ಅದರ ಹಿಂದೆಲ್ಲೋ ಉಪವಾಸ ಕೂತ ನನ್ನ ಹೆಂಡತಿ. ಅವಳ ಕೈಯ ನಡುಕ ನೆನಪಾಯಿತು. ಆ ಹೊತ್ತಿನಷ್ಟು ಭಯ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಕೈ ಎದೆಗೆ ಹೋಯಿತು. ಎರಡನೆಯ ಗುಂಡಿಯ ಹತ್ತಿರ, ರೇನ್‌ಕೋಟಿನ ಒಳಗೆ, ಸ್ವೆಟರಿನ ಅಡಿಯಲ್ಲಿ ಗಟ್ಟಿಯಾಗಿ, ದುಂಡಗೆ, ಮೈಯಷ್ಟೇ ಬೆಚ್ಚಗೆ ಅದು ಸಿಕ್ಕಿತು.

ಒಂದು ಕ್ಷಣ ನಾನು ಆಶ್ಚರ್ಯವನ್ನೂ ಪಡಲಿಲ್ಲ. ಅವ್ವ ಹೇಳಿದ ಹಾಗೆ ಹಿಡಿದುಕೊಂಡು ನಿಂತೆ, ಭಯ ಸ್ವಲ್ಪ ಇಳಿಯಿತು. ಆಮೇಲೆ ತಿಳಿಯಿತು. ಕೊಡೆ ಹಾರಿದಾಗ ಎರಡೂ ಕೈಗೆ ಕೆಲಸವಿತ್ತು, ಕೆಳಗಿಡಬಾರದು ಎಂದು ಹೇಳಿದ್ದಳು, ಕೊರಳಿಗೆ ಹಾಕಿ ಒಳಗೆ ಇಳಿಬಿಟ್ಟುಕೊಂಡಿದ್ದೆ. ಕಿಸೆ ನೋಡಿದ್ದೆ, ಡಿಕ್ಕಿ ನೋಡಿದ್ದೆ, ರೊಟ್ಟಿಯ ಮಡಿಕೆ ಮಡಿಕೆ ನೋಡಿದ್ದೆ. ಸಾಮಾನು ಇಡುವ ಜಾಗಗಳ ಪಟ್ಟಿಯಲ್ಲಿ ನನ್ನ ಕೊರಳು ಇರಲೇ ಇಲ್ಲ. ಮಳೆಯಲ್ಲಿ ನಿಂತು ಅತ್ತೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಕ್ಕೆನೋ ಏನೋ, ಎರಡೂ ಒಟ್ಟಿಗೇ ಆಯಿತು.

ಮಳೆ ನಿಂತು, ನೀರು ಮೊಣಕಾಲಿಗಿಂತ ಕೆಳಗಿಳಿಯಲು ಮತ್ತೆ ಒಂದು ಗಂಟೆ ಹಿಡಿಯಿತು. ಆಗ ಶುಂಠಿಯ ಹೊಲಕ್ಕೆ ಹೆಣ್ಣಾಳುಗಳನ್ನು ಕರೆದೊಯ್ಯುವ ಟ್ರ್ಯಾಕ್ಟರೊಂದು ಬಂತು. ಕಾರು ಇಲ್ಲೇ ಇರಲಿ ಎಂದು ತೆಲುಗಿನಲ್ಲಿ ಗದರಿ ಚಾಲಕ ನನ್ನನ್ನು ಹಿಂದೆ ಹತ್ತಿಸಿಕೊಂಡ. ಒಂದು ಕೈ ಟ್ರಾಲಿಯ ಸರಳಿನ ಮೇಲೆ, ಇನ್ನೊಂದು ಎದೆಯ ಮೇಲೆ. ಪಾಪ, ಹಾರ್ಟಿನ ಪೇಷಂಟು ಎಂದು ಹೆಂಗಸರು ಜಾಗ ಬಿಟ್ಟರು. ಅಂದು ಮಾತ್ರ ನಾನು ಕೂರಲಿಲ್ಲ.

ನೀಲಮ್ಮ ಕಂಬಕ್ಕೆ ಒರಗಿಯೇ ಇದ್ದಳು, ತುಟಿ ಒಣಗಿತ್ತು. ಸಿಕ್ಕಿತು ಎಂದೆ. ಅವಳ ಮುಖ ಅರಳಿತು, ಎಲ್ಲಿತ್ತು ಎಂದು ಕೇಳಿದಳು. ತೊಗರಿ ಸಾಲಿನ ಬುಡದಲ್ಲಿ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಾಗೆಂದಿದ್ದರೆ ನಾನು ಶೂರನಾಗುತ್ತಿದ್ದೆ. ಪಕ್ಕದ ಬುಟ್ಟಿಯಲ್ಲಿ ಕೇದಿಗೆ ಘಮಘಮ ಅನ್ನುತ್ತಿತ್ತು.

"ನನ್ನ ಕೊಳ್ಳಾಗ," ಎಂದೆ.

"ಮುಂಜಾನಿಂದ?"

"ಮುಂಜಾನಿಂದ."

"ಗೊತ್ತಾಗ್ಲಿಲ್ಲೇನ್ರಿ?"

"ಇಲ್ಲ ನೀಲಾ. ಮದಲಿಂದ ಅಲ್ಲೇ ಇದ್ದಂಗಿತ್ತು."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಬೇಕಿತ್ತು, ನ್ಯಾಯ ಅವಳ ಕಡೆಗಿತ್ತು. ಅವಳು ಎದ್ದು, ತಾನೇ ನನ್ನ ಕೊರಳಿನಿಂದ ದಾರ ತೆಗೆದಳು. ಪೂಜೆ ಮುಗಿಸಿ, ನೀರು ಕುಡಿದು, ಬಾಳೆಹಣ್ಣಿನಲ್ಲಿ ಅರ್ಧ ನನಗೆ ಕೊಟ್ಟಳು. ಚಹಾ ಕುಡಿದ ಮೇಲೆ ಕೈ ನಡುಗುವುದು ನಿಂತಿತು. ಆಗಲೇ ನನ್ನ ಜೀವ ಜಾಗಕ್ಕೆ ಬಂದದ್ದು.

ಹಳ್ಳ ಪೂರ್ತಿ ಇಳಿದ ಮೇಲೆ ಹೋಗಿ ಕಾರು ತಂದೆ. ನಾರಾಯಣಖೇಡ ತಲುಪಿದಾಗ ಊಟದ ಹೊತ್ತು ಮೀರಿತ್ತು, ಬಿಸಿಲು ತೆಳುವಾಗಿ ಬಿದ್ದಿತ್ತು. ಬಜಾರಿನಲ್ಲಿ ಟೈರಿನ ಅಂಗಡಿ ಕಂಡು ಕಾರು ನಿಲ್ಲಿಸಿದೆ. ಈಗ ಸ್ಟೆಪ್ನಿಯಾದ ಗಾಲಿಯ ಪಂಕ್ಚರ್ ಹಾಕಿಸುವಷ್ಟರಲ್ಲಿ ನೀಲಮ್ಮ ಎದುರಿನ ಅಂಗಡಿಗೆ ಹೋಗಿ ಹೊಸ ಶಿವದಾರ ಕೊಂಡು ಬಂದಳು. ಒಂದಲ್ಲ, ಎರಡು. ಒಂದಕ್ಕೆ ತನ್ನ ಕರಡಿಗೆ ಪೋಣಿಸಿಕೊಂಡಳು. ಇನ್ನೊಂದು ಯಾಕೆ ಎಂದು ಕೇಳಿದೆ.

ಅವಳು ನನ್ನತ್ತ ನೋಡಲಿಲ್ಲ. ಡಿಕ್ಕಿಯಲ್ಲಿ ರೊಟ್ಟಿಯ ಗಂಟು ಜೋಡಿಸುತ್ತಾ ಹೇಳಿದಳು:

"ಸ್ಟೆಪ್ನಿ ಇರ್ಬೇಕಂತ ನೀವೇ ಹೇಳ್ತೀರಲ್ರಿ. ಇರ್ಲಿ."

ಸ್ಟೋರ್ ಕೀಪರ್ ಆದವನು ಈ ಮಾತಿಗೆ ಎದುರಾಡುವಂತಿಲ್ಲ. ದಾರವನ್ನು ತೆಗೆದುಕೊಂಡು, ನಾಲ್ಕಾಗಿ ಮಡಚಿ, ಎಡಗಡೆಯ ಕಿಸೆಯಲ್ಲಿಟ್ಟೆ. ಎಲ್ಲಿಟ್ಟಿದ್ದೇನೆ ಎಂಬುದು ಈ ಸಲ ಚೆನ್ನಾಗಿ ನೆನಪಿದೆ. ನನ್ನ ಕರಡಿಗೆ ಇಟ್ಟ ಅಲ್ಮಾರಿಯ ಬೀಗದ ಕೈ ಎಲ್ಲಿದೆ ಎಂಬುದೂ.